ನಾಲ್ವರ ಬಿಡಾರ, ಒಬ್ಬನ ಹೆಸರು

ವಿದ್ಯಾರ್ಜನೆಗೆಂದು ಊರು ಬಿಟ್ಟು ಬರುವ ಹುಡುಗನಿಗೆ ಊಟ ಮತ್ತು ವಸತಿ ಇವೆರಡೂ ಹಿಂದಿನಿಂದಲೂ ಪಾಠಕ್ಕಿಂತ ಕಠಿಣವಾದ ವಿಷಯಗಳೇ ಆಗಿವೆ. ಮೈಸೂರು, ಧಾರವಾಡಗಳಲ್ಲಿ ವಾರಾನ್ನದ ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಉಂಡು, ಓದಿ ಮೇಲೆ ಬಂದ ಹಿರಿಯರ ಕಥೆಗಳು ಅನೇಕ ಮನೆತನಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಮಠಗಳು ನಡೆಸಿದ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದವರಿಗಂತೂ ಲೆಕ್ಕವಿಲ್ಲ. ಮುಂಬಯಿಗೆ ಬಂದ ಕರಾವಳಿಯ ಹುಡುಗರು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಅಲ್ಲಿಯೇ ಚಾಪೆ ಬಿಡಿಸಿ ಮಲಗುತ್ತಿದ್ದರು. ಗೋವೆಯವರಿಗೆ ಇದೇ ಮುಂಬಯಿಯಲ್ಲಿ ಒಂದೊಂದು ಹಳ್ಳಿಯ ಹೆಸರಿನಲ್ಲಿ ಒಂದೊಂದು ‘ಕೂಡ್’ ಇತ್ತು. ಪೆಟ್ಟಿಗೆಯೊಂದನ್ನು ಇಡಲು, ಚಾಪೆಯೊಂದನ್ನು ಹಾಸಲು ಅಲ್ಲಿ ಸ್ಥಳ ದೊರೆಯುತ್ತಿತ್ತು.

ಈ ಎಲ್ಲ ವ್ಯವಸ್ಥೆಗಳಲ್ಲಿಯೂ ಕಷ್ಟಕ್ಕೆ ಕೊರತೆಯಿರಲಿಲ್ಲ. ಆದರೆ ಹುಡುಗ ಯಾರ ಮಗ, ಯಾವ ಊರಿನವನು ಎಂಬುದು ಮನೆಯವರಿಗೆ ತಿಳಿದಿರುತ್ತಿತ್ತು. ಆತ ತಪ್ಪಿದರೆ ಹೇಳುವವರಿದ್ದರು, ಆತನಿಗೆ ಜ್ವರ ಬಂದರೆ ಕೇಳುವವರಿದ್ದರು. ಪರಿಚಯವೇ ಅಲ್ಲಿ ಕರಾರುಪತ್ರವಾಗಿತ್ತು. ಇಂದು ಪರಿಚಯದ ಸ್ಥಾನಕ್ಕೆ ನಿಜವಾದ ಕರಾರುಪತ್ರವೇ ಬಂದು ಕುಳಿತಿದೆ. ನಮ್ಮ ವಿದ್ಯಾರ್ಥಿಗಳು ಮಾತ್ರ ಇನ್ನೂ ಪರಿಚಯದ ಕಾಲದಲ್ಲಿದ್ದಂತೆಯೇ ಅದನ್ನು ಓದದೆ, ಅದರಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ನೋಡದೆ, ಪೆಟ್ಟಿಗೆಯನ್ನು ಒಳಗೆ ಇಟ್ಟುಬಿಡುತ್ತಾರೆ. ಮುಂದಿನ ತೊಂದರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಪುಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಳಗಾವಿ, ವಿಜಯಪುರ, ಕಲಬುರ್ಗಿ ಕಡೆಯ ಪಾಲಕರಿಗೆ ಪುಣೆಯು ಬೆಂಗಳೂರಿಗಿಂತ ಹತ್ತಿರದ ಊರು. ಇಂಜಿನಿಯರಿಂಗ್, ಕಾನೂನು, ವಾಣಿಜ್ಯ, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ ಹೀಗೆ ಒಂದಿಲ್ಲೊಂದು ನಿಮಿತ್ತದಿಂದ ಪ್ರತಿವರ್ಷ ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿಗೆ ಬಂದಿಳಿಯುವ ತರುಣ ತರುಣಿಯರು ಬಹಳ. ಕಾಲೇಜಿನ ವಸತಿಗೃಹಗಳಲ್ಲಿ ಇರುವ ಸ್ಥಳ ಕೆಲವರಿಗಷ್ಟೇ ಸಾಕಾಗುತ್ತದೆ. ಉಳಿದವರು ಖಾಸಗಿ ವಸತಿಯ ದಾರಿ ಹಿಡಿಯಬೇಕು.

ಆ ದಾರಿಯಲ್ಲಿ ಮೂರು ಬಗೆ. ಸದಾಶಿವ ಪೇಠ, ನಾರಾಯಣ ಪೇಠಗಳಂಥ ಹಳೆಯ ಭಾಗಗಳಲ್ಲಿ ‘ಕಾಟ್ ಬೇಸಿಸ್’ ಎಂಬ ಪದ್ಧತಿ ಉಂಟು. ಬಾಡಿಗೆ ಇಲ್ಲಿ ಕೋಣೆಗಲ್ಲ, ಮಂಚಕ್ಕೆ. ಒಂದು ಕೋಣೆಯಲ್ಲಿ ನಾಲ್ಕೋ ಐದೋ ಮಂಚಗಳಿರುತ್ತವೆ. ಪಕ್ಕದ ಮಂಚದವನು ಯಾರೆಂಬುದನ್ನು ನಿರ್ಧರಿಸುವವನು ಮನೆಯೊಡೆಯ. ಎರಡನೆಯದು ಪೇಯಿಂಗ್ ಗೆಸ್ಟ್ ವ್ಯವಸ್ಥೆ. ಊಟವೂ ಸೇರಿರುವುದರಿಂದ ಪಾಲಕರಿಗೆ ಇದರಲ್ಲಿ ಹೆಚ್ಚು ನೆಮ್ಮದಿ. ಆದರೆ ‘ಗೆಸ್ಟ್’ ಎಂಬ ಮಾತು ಹಣ ಕೊಟ್ಟ ದಿನಕ್ಕೆ ಮಾತ್ರ ಅನ್ವಯಿಸುತ್ತದೆಂದು ವಾರದೊಳಗೆ ತಿಳಿಯುತ್ತದೆ. ಮೂರನೆಯದು ನಾಲ್ಕೈದು ಮಂದಿ ಕೂಡಿ ಒಂದು ಫ್ಲಾಟನ್ನು ಹಿಡಿಯುವುದು. ಸ್ವಾತಂತ್ರ್ಯ ಇದರಲ್ಲಿಯೇ ಹೆಚ್ಚು. ಹೊಣೆಯೂ ಇದರಲ್ಲಿಯೇ ಹೆಚ್ಚು.

ಈ ಮೂರನೆಯ ಬಗೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳಿತು. ಎರಡು ಮಲಗುವ ಕೋಣೆಗಳ ಫ್ಲಾಟೊಂದರ ತಿಂಗಳ ಬಾಡಿಗೆ 28,000 ರೂಪಾಯಿ, ಠೇವಣಿ ಮೂರು ತಿಂಗಳ ಬಾಡಿಗೆಯಷ್ಟು ಅಂದರೆ 84,000 ರೂಪಾಯಿ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಎಂದು ಇಟ್ಟುಕೊಳ್ಳೋಣ. ಧಾರವಾಡದವನೊಬ್ಬ, ರಾಯಚೂರಿನವನೊಬ್ಬ, ಉಡುಪಿಯವನೊಬ್ಬ, ವಿಜಯಪುರದವನೊಬ್ಬ ಹೀಗೆ ನಾಲ್ವರು ಕೂಡಿದ್ದಾರೆ. ತಲೆಗೆ ಬಾಡಿಗೆ 7,000, ಠೇವಣಿ 21,000, ದಲ್ಲಾಳಿ 7,000. ಬೀಗ ತೆಗೆಯುವ ಮೊದಲೇ ಒಬ್ಬೊಬ್ಬನಿಂದ 35,000 ರೂಪಾಯಿ ಹೊರಬಿದ್ದಿದೆ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ವಸತಿಗೃಹದ ಶುಲ್ಕವನ್ನೂ, ಹೊರಗಿನ ವಸತಿಗೆ ತಗಲುವ ಯೋಗ್ಯ ವೆಚ್ಚವನ್ನೂ ಪರಿಗಣಿಸಲು ಅವಕಾಶವಿದೆಯಾದರೂ ಮನೆಯೊಡೆಯನ ಠೇವಣಿ ಸಾಮಾನ್ಯವಾಗಿ ತಂದೆಯ ಕೈಯಿಂದಲೇ ಹೋಗುತ್ತದೆ. ಹೊಲದ ಫಸಲಿನ ಹಣವೋ, ತಾಯಿಯ ಬಳೆ ಅಡವಿಟ್ಟ ಹಣವೋ ಯಾರು ಬಲ್ಲರು?

ಮೊದಲು ಬಂದು ಮನೆ ಹುಡುಕಿದವನು ಧಾರವಾಡದವನು. ಮನೆಯೊಡೆಯರು “ಒಬ್ಬರ ಹೆಸರು ಇದ್ದರೆ ಸಾಕು” ಎನ್ನುತ್ತಾರೆ. ಕರಾರು ಆತನ ಹೆಸರಿನಲ್ಲಿ ಆಗುತ್ತದೆ. ಉಳಿದ ಮೂವರು ತಮ್ಮ ಪಾಲನ್ನು ಅವನ ಕೈಗೆ ಕೊಡುತ್ತಾರೆ. ಕಾನೂನಿನ ಕಣ್ಣಿಗೆ ಆ ಮನೆಯಲ್ಲಿರುವವನು ಈಗ ಒಬ್ಬನೇ. ಮಿಕ್ಕವರು ಅವನ ಅತಿಥಿಗಳು.

ಐದನೆಯ ತಿಂಗಳಿನಲ್ಲಿ ರಾಯಚೂರಿನವನು ಯಾವುದೋ ಕಾರಣದಿಂದ ಊರಿಗೆ ಹಿಂದಿರುಗಬೇಕಾಗುತ್ತದೆ. ತನ್ನ 21,000 ರೂಪಾಯಿಯನ್ನು ಕೇಳಿದರೆ ಮನೆಯೊಡೆಯರು “ನೀನು ಯಾರೋ ನನಗೆ ಗೊತ್ತಿಲ್ಲ” ಎನ್ನುತ್ತಾರೆ. ಆ ಮಾತು ಒರಟಾಗಿದ್ದರೂ ಸುಳ್ಳಲ್ಲ. ಧಾರವಾಡದವನು ತಾನೇ ಸಾಲ ಮಾಡಿ ಬಂದವನು, ಎಲ್ಲಿಂದ ಕೊಟ್ಟಾನು? ರೂಢಿಯಲ್ಲಿರುವ ಪರಿಹಾರವೆಂದರೆ, ಹೊಸದಾಗಿ ಬರುವವನು ಹೋಗುವವನಿಗೆ ಆ ಹಣವನ್ನು ಕೊಡುವುದು. ಹೊಸಬ ದೊರೆಯುವವರೆಗೆ ಉಳಿದ ಮೂವರ ಪಾಲು 7,000ದಿಂದ 9,333ಕ್ಕೆ ಏರುತ್ತದೆ. ತಿಂಗಳಿಗೆ 2,333 ರೂಪಾಯಿ ಎಂದರೆ ಮೆಸ್ಸಿನ ಒಂದು ಹೊತ್ತಿನ ಊಟದ ಲೆಕ್ಕವೇ ಏರುಪೇರಾಗುವ ಮೊತ್ತ. ನಿಜವಾಗಿಯೂ ಹಾಗೆಯೇ ಆಗುತ್ತದೆ. ಬಾಡಿಗೆ ಏರಿದಾಗ ವಿದ್ಯಾರ್ಥಿ ಮೊದಲು ಕಡಿತ ಮಾಡುವುದು ಬೆಳಗಿನ ತಿಂಡಿಯನ್ನು.

ಹನ್ನೊಂದು ತಿಂಗಳು ಮುಗಿದ ಮೇಲೆ ಸುಣ್ಣಬಣ್ಣಕ್ಕೆ 14,000, ಸ್ವಚ್ಛತೆಗೆ 4,000 ಎಂದು ಮನೆಯೊಡೆಯರು 18,000 ರೂಪಾಯಿ ಮುರಿದುಕೊಂಡು ಉಳಿದ 66,000ವನ್ನು ಧಾರವಾಡದವನ ಖಾತೆಗೆ ಹಾಕುತ್ತಾರೆ. ನಾಲ್ವರಿಗೆ ಹಂಚಿದರೆ ತಲೆಗೆ 16,500. ಆರನೆಯ ತಿಂಗಳಿನಲ್ಲಿ ಬಂದ ಹೊಸಬ, ತಾನು ನೋಡದೆಯೇ ಇದ್ದ ಗೋಡೆಯ ಕಲೆಗಾಗಿ ಹನ್ನೊಂದು ತಿಂಗಳು ಇದ್ದವನಷ್ಟೇ 4,500 ರೂಪಾಯಿ ದಂಡ ತೆರಬೇಕು. ಆತ ಠೇವಣಿ ಕೊಟ್ಟದ್ದು ರಾಯಚೂರಿನವನಿಗೆ, ಅದಕ್ಕೆ ರಸೀತಿಯಿಲ್ಲ. ಜಗಳ ಇಲ್ಲಿ ಮನೆಯೊಡೆಯನೊಡನೆ ಅಲ್ಲ, ಒಂದೇ ಕುಕ್ಕರಿನ ಅನ್ನ ಉಂಡ ಗೆಳೆಯರ ನಡುವೆ. ಪಾಲುಮನೆಗಳ ವಿಷಯದಲ್ಲಿ ಪಾಲಕರು ಮನೆಯೊಡೆಯನ ಕ್ರೌರ್ಯವನ್ನೇ ಕಲ್ಪಿಸಿಕೊಂಡು ಹೆದರುತ್ತಾರೆ. ವಾಸ್ತವದಲ್ಲಿ ಹೆಚ್ಚಿನ ಮನಸ್ತಾಪಗಳು ಈ ನಾಲ್ವರ ನಡುವಿನ ಬರೆಯದ ಲೆಕ್ಕದಿಂದ ಹುಟ್ಟಿದವು.

ಎಲ್ಲರ ಹೆಸರನ್ನೂ ಬರೆಸುವುದರಿಂದ ತೊಡಕೇ ಇಲ್ಲವೆಂದಲ್ಲ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ನಾಲ್ವರು ಕೂಡಿ ಮಾತು ಕೊಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪೂರ್ತಿ ಹಣವನ್ನು ಅವರಲ್ಲಿ ಯಾವನೊಬ್ಬನಿಂದಲೂ ವಸೂಲು ಮಾಡಬಹುದು. ಆದರೆ ಹಾಗೆ ಕೊಟ್ಟವನಿಗೆ ಉಳಿದವರಿಂದ ಅವರವರ ಪಾಲನ್ನು ಪಡೆಯುವ ಹಕ್ಕನ್ನು ಅದೇ ಕಾಯಿದೆ ಕೊಡುತ್ತದೆ. ಹೆಸರಿಲ್ಲದವನಿಗೆ ಹೊಣೆಯೂ ಇಲ್ಲ, ಹಕ್ಕೂ ಇಲ್ಲ. ಹೆಸರಿರುವ ಒಬ್ಬನಿಗೆ ಹೊಣೆಯೆಲ್ಲ ಉಂಟು, ಆಸರೆ ಮಾತ್ರ ಇಲ್ಲ. ಇದರ ಜೊತೆಗೆ ನಾಲ್ವರು ತಮ್ಮತಮ್ಮಲ್ಲಿ ಒಂದು ಹಾಳೆಯ ಒಪ್ಪಂದ ಬರೆದುಕೊಳ್ಳುವುದು ಅವಶ್ಯ: ಯಾರು ಎಷ್ಟು ಠೇವಣಿ ಕೊಟ್ಟರು, ನಡುವೆ ಬಿಡುವವನು ಎಷ್ಟು ದಿನ ಮೊದಲು ತಿಳಿಸಬೇಕು, ಹೊಸಬ ಬರುವವರೆಗೆ ಬಾಡಿಗೆ ಯಾರದು, ಇಷ್ಟು ಸಾಕು. ಹದಿನೆಂಟು ತುಂಬದ ವಿದ್ಯಾರ್ಥಿ ಕರಾರು ಮಾಡಲಾರ. ಪಿಯುಸಿ ಮುಗಿಸಿ ನೇರವಾಗಿ ಬಂದವರಲ್ಲಿ ಅಂಥವರು ಇರುತ್ತಾರಾದ್ದರಿಂದ ಅಲ್ಲಿ ಪಾಲಕರೇ ಸಹಿ ಹಾಕಬೇಕು.

ಕರಾರಿನ ಮಾತು ಬಂದಾಗ ಹನ್ನೊಂದು ತಿಂಗಳ ವಿಷಯವನ್ನೂ ಹೇಳಬೇಕು. ಈ ಸಂಖ್ಯೆಗೆ ಜನರು ಪಂಚಾಂಗಕ್ಕೆ ತೋರುವಷ್ಟೇ ನಿಷ್ಠೆ ತೋರುತ್ತಾರೆ. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರಗಳನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸಿದ್ದರಿಂದ, ಅದರಿಂದ ತಪ್ಪಿಸಿಕೊಳ್ಳಲು ದೇಶದಲ್ಲೆಲ್ಲ ಹನ್ನೊಂದು ತಿಂಗಳ ಪದ್ಧತಿ ಬೆಳೆಯಿತು. ಮಹಾರಾಷ್ಟ್ರದಲ್ಲಿ ಇದಕ್ಕೆ ಇನ್ನೊಂದು ಭಯವೂ ಸೇರಿಕೊಂಡಿತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಗೆ 1973ರಲ್ಲಿ ಆದ ತಿದ್ದುಪಡಿಯಿಂದ, ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ವಾಸವಾಗಿದ್ದವರು ಒಮ್ಮೆಲೇ ಸಂರಕ್ಷಿತ ಬಾಡಿಗೆದಾರರಾದರು. ಮನೆ ಕೊಟ್ಟವರ ಎದೆ ನಡುಗಿತು. ಆ ನಡುಕ ಇಂದಿನ ಮನೆಯೊಡೆಯರಿಗೂ ಅವರ ಹಿರಿಯರಿಂದ ಬಳುವಳಿಯಾಗಿ ಬಂದಿದೆ. ವಿದ್ಯಾರ್ಥಿಗೆ ‘ಲೀವ್ ಅಂಡ್ ಲೈಸೆನ್ಸ್’ ಪತ್ರ ಬರೆದುಕೊಡುವುದರ ಅರ್ಥವೂ ಇದೇ: ಮನೆಯಲ್ಲಿ ಇರಲು ಅನುಮತಿ ಉಂಟು, ಮನೆಯ ಮೇಲೆ ಯಾವ ಅಧಿಕಾರವೂ ಇಲ್ಲ.

ಆದರೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮು ಹನ್ನೊಂದು ತಿಂಗಳ ಈ ಮರೆಯನ್ನು ತೆಗೆದುಹಾಕಿತು. ಅವಧಿ ಎಷ್ಟೇ ಇರಲಿ, ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು. ನೋಂದಾಯಿಸುವ ಹೊಣೆ ಮನೆಯೊಡೆಯನದು. ಆತ ಹಾಗೆ ಮಾಡದಿದ್ದರೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಅಷ್ಟೇ ಅಲ್ಲ, ಷರತ್ತುಗಳ ಬಗ್ಗೆ ತಕರಾರು ಬಂದಾಗ, ವಿರುದ್ಧ ಸಾಬೀತಾಗುವವರೆಗೆ ಬಾಡಿಗೆದಾರನ ಮಾತೇ ಗ್ರಾಹ್ಯ. ಇಷ್ಟು ಬಲವಾದ ಆಯುಧ ತಮ್ಮ ಕೈಯಲ್ಲಿರುವುದು ವಿದ್ಯಾರ್ಥಿಗಳಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಸುವ ಗೊಡವೆಗೆ ದಲ್ಲಾಳಿಯೂ ಹೋಗುವುದಿಲ್ಲ. ವೆಚ್ಚವಾದರೂ ಎಷ್ಟು? ಹನ್ನೊಂದು ತಿಂಗಳ ಬಾಡಿಗೆಗೆ ಠೇವಣಿಯ ಮೇಲಿನ ನೂರಕ್ಕೆ ಹತ್ತರ ಬಡ್ಡಿಯನ್ನು ಕೂಡಿಸಿ, ಬಂದ ಮೊತ್ತಕ್ಕೆ ಶೇಕಡಾ 0.25 ಮುದ್ರಾಂಕ ಶುಲ್ಕ. ಮೇಲಿನ ಉದಾಹರಣೆಯಲ್ಲಿ 3,08,000ಕ್ಕೆ 7,700 ಸೇರಿ 3,15,700; ಅದರ ಮೇಲೆ ಸುಮಾರು 800 ರೂಪಾಯಿ. ನಗರಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ನಾಲ್ವರಿಗೆ ಹಂಚಿದರೆ ತಲೆಗೆ 450 ರೂಪಾಯಿ. ಕಾಗದಪತ್ರ ಸಿದ್ಧಮಾಡುವವನ ಶುಲ್ಕ ಬೇರೆ. ಒಬ್ಬನ ಬದಲು ನಾಲ್ವರ ಹೆಸರು ಬರೆಸಿದರೆ ಮುದ್ರಾಂಕ ಶುಲ್ಕ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ.

ಠೇವಣಿಗೆ ಮಿತಿ ಬೇಕೆಂಬ ಕೂಗು ಹಳೆಯದು. ಕೇಂದ್ರ ಸಚಿವ ಸಂಪುಟವು 2021ರ ಜೂನ್ ತಿಂಗಳಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗಳಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದಿದೆ. ಅದು ಹೆಸರಿಗೆ ತಕ್ಕಂತೆ ಮಾದರಿ. ಆಯಾ ರಾಜ್ಯ ಶಾಸನ ಮಾಡಿದಲ್ಲಿ ಮಾತ್ರ ಅದಕ್ಕೆ ಜೀವ. ಊಟ ವಸತಿ ಎರಡನ್ನೂ ಒದಗಿಸುವ ಪೇಯಿಂಗ್ ಗೆಸ್ಟ್ ಗೃಹಗಳ ವಿಷಯ ತುಸು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಸೇವೆ’ ಎಂಬುದರೊಳಗೆ ಊಟ ವಸತಿಯೂ ಸೇರಿರುವುದರಿಂದ, ಕೊಡುವೆನೆಂದದ್ದನ್ನು ಕೊಡದವರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಉಂಟು. ಇನ್ನು, ಮನೆ ನೋಡುವ ಮೊದಲೇ ‘ಟೋಕನ್’ ಎಂದು ಫೋನಿನ ಮೂಲಕ ಹಣ ಕಳಿಸೆನ್ನುವವನು, ತಾನು ಸೈನ್ಯದಲ್ಲಿದ್ದು ವರ್ಗವಾಗಿ ಹೋಗುತ್ತಿದ್ದೇನೆ ಎನ್ನುವವನು ಬಹುತೇಕ ವಂಚಕನೇ. ಅವನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ.

ಮನೆಯೊಡೆಯರ ಪಕ್ಷವನ್ನೂ ಕೇಳಬೇಕು. ಅದರಲ್ಲಿಯೂ ಒಂದು ಕಾಲಕ್ಕೆ ಮಂಚದ ಬಾಡಿಗೆ ತೆತ್ತು ಬದುಕಿದ ಕನ್ನಡಿಗರೇ ಈಗ ಠಾಣೆ, ಡೊಂಬಿವಲಿ, ಕೋಥರೂಡಗಳಲ್ಲಿ ಎರಡನೆಯ ಫ್ಲಾಟಿನ ಒಡೆಯರಾಗಿ ವಿದ್ಯಾರ್ಥಿಗಳಿಗೆ ಮನೆ ಕೊಡುತ್ತಿರುವಾಗ ಈ ಮಾತು ಪರರ ಮಾತಲ್ಲ. ನಾಲ್ವರೆಂದು ಹೇಳಿ ಏಳು ಮಂದಿ ಇರುತ್ತಾರೆ. ಎರಡು ಗಂಟೆಯ ರಾತ್ರಿಯಲ್ಲಿ ಹುಟ್ಟುಹಬ್ಬ ನಡೆಯುತ್ತದೆ. ಸೊಸೈಟಿಯ ಕಾರ್ಯದರ್ಶಿ ಮರುದಿನ ಫೋನು ಮಾಡುತ್ತಾರೆ. ಇವೆಲ್ಲ ನಿಜ. ಬಾಡಿಗೆಗೆ ಕೊಟ್ಟ ಮನೆಗೆ ಸೊಸೈಟಿ ವಿಧಿಸುವ ‘ನಾನ್ ಆಕ್ಯುಪೆನ್ಸಿ’ ಶುಲ್ಕವು ಸೇವಾ ಶುಲ್ಕದ ನೂರಕ್ಕೆ ಹತ್ತನ್ನು ಮೀರಬಾರದೆಂದು 2001ರಲ್ಲಿಯೇ ಮಹಾರಾಷ್ಟ್ರ ಸರಕಾರದ ಆದೇಶ ಆಗಿದ್ದರೂ, ಅವಿವಾಹಿತರೆಂಬ ಕಾರಣಕ್ಕೆ ಮುಖ ತಿರುಗಿಸುವುದನ್ನು ಯಾವ ಆದೇಶವೂ ತಡೆದಿಲ್ಲ. ಹುಡುಗಿಯರಿಗೆ ಮನೆ ಬೇಗ ದೊರೆಯುತ್ತದೆಂಬ ಮಾತುಂಟು. ಆದರೆ ಅವರ ಬರುವ ಹೋಗುವ ವೇಳೆಗೆ ಕಾವಲುಗಾರನಿಂದ ಹಿಡಿದು ಎದುರುಮನೆಯ ಅಜ್ಜಿಯವರೆಗೆ ಎಲ್ಲರೂ ಲೆಕ್ಕಾಧಿಕಾರಿಗಳು. ಇನ್ನೊಂದು ಬೀಗದ ಕೈ ಇಟ್ಟುಕೊಂಡು ಹೇಳದೆ ಕೇಳದೆ ಒಳಗೆ ಬರುವ ಮನೆಯೊಡೆಯರೂ ಇದ್ದಾರೆ. ಮನೆಯನ್ನು ನೋಡಲು ಬರುವ ಮುನ್ನ ತಿಳಿಸತಕ್ಕದ್ದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸುವಂತೆ ಕೇಳಲು ಹುಡುಗಿಯರ ತಂದೆಯರು ಸಂಕೋಚಪಡಬಾರದು.

ಹಣ ಹೋದರೆ ಮತ್ತೆ ಗಳಿಸಬಹುದು. ಇದೇ ಮನೆಗಳಲ್ಲಿ ಪ್ರಾಣಕ್ಕೇ ಅಪಾಯ ತರುವ ಸಂಗತಿಗಳೂ ಇವೆ. ಅವುಗಳಲ್ಲಿ ಮೊದಲನೆಯದು ಸ್ನಾನದ ಕೋಣೆಯ ಗ್ಯಾಸ್ ಗೀಸರು. ಪುಣೆಯ ಡಿಸೆಂಬರಿನ ಚಳಿಯಲ್ಲಿ ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿ, ನಾಲ್ವರು ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಇಳಿದರೆ, ಆ ಚಿಕ್ಕ ಕೋಣೆಯ ಆಮ್ಲಜನಕ ತೀರುತ್ತ ಬಂದು ಅನಿಲ ಪೂರ್ತಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಕೂಗಲು ಕೂಡ ಶಕ್ತಿಯಿಲ್ಲದೆ ಮನುಷ್ಯ ಕುಸಿಯುತ್ತಾನೆ. ಇಂಥ ಗೀಸರು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವಲ್ಲಿ ಇರಬೇಕು. ಒಳಗೇ ಇದ್ದರೆ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಬಕೆಟ್ಟು ತುಂಬಿಕೊಂಡು, ಗೀಸರನ್ನು ಆರಿಸಿ, ಅನಂತರವೇ ಬಾಗಿಲು ಹಾಕಬೇಕು. ಒಳಗೆ ಹೋದವನು ಹೊತ್ತಾದರೂ ಬಾರದಿದ್ದರೆ ಬಾಗಿಲು ಮುರಿದಾದರೂ ತೆರೆದು, ಆತನನ್ನು ಹೊರಗಿನ ಗಾಳಿಗೆ ತಂದು, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮನೆ ನೋಡಲು ಹೋದಾಗ ಹಾಲಿನ ಬಣ್ಣವನ್ನು ನೋಡುವ ಪಾಲಕರು ಸ್ನಾನದ ಕೋಣೆಯ ಕಿಟಕಿಯನ್ನು ನೋಡುವುದು ಅಪರೂಪ.

ಕ್ಷಯದ ಸಮಸ್ಯೆ ಬೇರೆ ತೆರನಾದದ್ದು. ಕಿಟಕಿ ಮುಚ್ಚಿದ ಒಂದು ಕೋಣೆಯಲ್ಲಿ ಐದು ಮಂಚಗಳಿದ್ದು, ಒಬ್ಬನಿಗೆ ಶ್ವಾಸಕೋಶದ ಕ್ಷಯವಿದ್ದರೆ, ಉಳಿದವರು ರಾತ್ರಿಯಿಡೀ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಎರಡು ವಾರಕ್ಕೆ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ ಕಂಡರೆ ಪರೀಕ್ಷೆ ಮಾಡಿಸತಕ್ಕದ್ದು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುವ ನೆರವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಲಾಗಿದೆ. ಆದರೂ ವಿದ್ಯಾರ್ಥಿಗಳು ಕೆಮ್ಮನ್ನು ಮುಚ್ಚಿಡುತ್ತಾರೆ. ಏಕೆಂದರೆ ಕರಾರಿನಲ್ಲಿ ಹೆಸರಿಲ್ಲದವನನ್ನು ಮರುದಿನವೇ ಹೊರಡೆನ್ನಲು ಯಾವ ನೋಟೀಸೂ ಬೇಡ. ಹೆಸರಿನ ಪ್ರಶ್ನೆ ಕೇವಲ ಹಣದ ಪ್ರಶ್ನೆಯಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಸರಿಯಾದ ಔಷಧ ಆರಂಭಿಸಿದ ಕೆಲವು ವಾರಗಳಲ್ಲಿ ಸೋಂಕು ಹರಡುವ ಸಂಭವ ಬಹಳಷ್ಟು ಇಳಿಯುತ್ತದೆ. ಮುಚ್ಚಿಟ್ಟ ಕೆಮ್ಮಿನಿಂದ ಮಾತ್ರ ಕೋಣೆಗೆ ಕೋಣೆಯೇ ಕೆಡುತ್ತದೆ. ಡೆಂಗಿಯ ಸೊಳ್ಳೆಗೆ ಚರಂಡಿ ಬೇಡ, ಬಚ್ಚಲಿನಲ್ಲಿ ವಾರಗಟ್ಟಲೆ ತುಂಬಿಟ್ಟ ಶುದ್ಧ ನೀರಿನ ಬಕೆಟ್ಟೇ ಸಾಕು. ಎಲ್ಲರಿಗೂ ಸೇರಿದ ಬಕೆಟ್ಟನ್ನು ಯಾರೂ ಖಾಲಿ ಮಾಡುವುದಿಲ್ಲ.

ದಿಲ್ಲಿಯ ಕನ್ನಡಿಗರಿಗೆ ಈ ಅಪಾಯಗಳ ಇನ್ನೊಂದು ಮುಖದ ಪರಿಚಯವಿದೆ. ಐ.ಎ.ಎಸ್. ಪರೀಕ್ಷೆಗೆಂದು ಕರ್ನಾಟಕದಿಂದ ಹೋಗುವ ತರುಣರು ಹೆಚ್ಚಾಗಿ ಬಿಡಾರ ಹೂಡುವುದು ಮುಖರ್ಜಿ ನಗರ, ಹಳೆಯ ರಾಜಿಂದರ್ ನಗರಗಳ ಇಕ್ಕಟ್ಟಿನ ಕೋಣೆಗಳಲ್ಲಿ. 2023ರ ಜೂನ್ 15ರಂದು ಮುಖರ್ಜಿ ನಗರದ ಪಾಠಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ ವಿದ್ಯಾರ್ಥಿಗಳು ಹಗ್ಗ, ತಂತಿಗಳನ್ನು ಹಿಡಿದು ಕಿಟಕಿಯಿಂದ ಇಳಿದರು. 2024ರ ಜುಲೈ 27ರಂದು ಹಳೆಯ ರಾಜಿಂದರ್ ನಗರದಲ್ಲಿ ನೆಲಮಾಳಿಗೆಯ ವಾಚನಾಲಯಕ್ಕೆ ಮಳೆನೀರು ನುಗ್ಗಿ ಮೂವರು ಅಸುನೀಗಿದರು. ಅವು ವಾಸದ ಮನೆಗಳಲ್ಲ, ನಿಜ. ಆದರೆ ಅದೇ ಬೀದಿಗಳ ವಸತಿ ಕಟ್ಟಡಗಳಲ್ಲಿಯೂ ಒಂದೇ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ವಿದ್ಯುತ್ ಮೀಟರುಗಳ ಗೊಂಚಲು ಕಾಣುವುದು ಸಾಮಾನ್ಯ. ಒಂದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ನಾಲ್ಕು ಫೋನುಗಳನ್ನು ಹಚ್ಚುವ ಮೊದಲು ಆ ಮೆಟ್ಟಿಲನ್ನು ಒಮ್ಮೆ ನೆನೆಯುವುದು ಲೇಸು. ಎರಡನೆಯ ದಾರಿಯಿಲ್ಲದ ಕಟ್ಟಡದ ಮೂರನೆಯ ಮಹಡಿಯನ್ನು ಬಾಡಿಗೆ ಎಷ್ಟೇ ಸೋವಿಯಾಗಿರಲಿ ಬಿಡುವುದೇ ಜಾಣತನ.

ಮನೆ ಬಿಡುವ ವೇಳೆಯ ಒಂದು ಕೆಟ್ಟ ರೂಢಿಯ ಬಗೆಗೂ ಹೇಳಬೇಕು. ಠೇವಣಿ ಹಿಂದಿರುಗುವ ಭರವಸೆಯಿಲ್ಲದ ವಿದ್ಯಾರ್ಥಿಗಳು ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನು ಕೊಡದೆ “ಅದರಲ್ಲಿಯೇ ಮುರಿದುಕೊಳ್ಳಿ” ಎನ್ನುತ್ತಾರೆ. ಕೆಲವರು ಹಣ ಬರುವವರೆಗೆ ಮನೆ ಬಿಡೆವೆಂದು ಅವಧಿ ಮುಗಿದ ಮೇಲೂ ಕೂಡುತ್ತಾರೆ. ಇದು ಅಪಾಯದ ಆಟ. ಮೇಲೆ ಹೇಳಿದ 1999ರ ಕಾಯಿದೆಯ 24ನೆಯ ಕಲಮಿನ ಪ್ರಕಾರ ಅವಧಿ ತೀರಿದ ಮೇಲೂ ಉಳಿದವನಿಂದ ಮನೆಯೊಡೆಯ ಬಾಡಿಗೆಯ ಎರಡರಷ್ಟನ್ನು ನಷ್ಟಪರಿಹಾರವಾಗಿ ಪಡೆಯಬಹುದು. 28,000ದ ಮನೆಗೆ ತಿಂಗಳಿಗೆ 56,000. ಠೇವಣಿ ಎರಡನೆಯ ತಿಂಗಳು ತುಂಬುವ ಮೊದಲೇ ಕರಗಿಹೋಗುತ್ತದೆ. ಅದಕ್ಕಿಂತ, ಬಂದ ಮೊದಲ ದಿನವೇ ಪ್ರತಿಯೊಂದು ಗೋಡೆ, ನಲ್ಲಿ, ಫ್ಯಾನುಗಳ ಚಿತ್ರ ತೆಗೆದು ಮನೆಯೊಡೆಯರಿಗೆ ಕಳಿಸಿರಬೇಕು; ಬಾಡಿಗೆಯನ್ನು ನಾಲ್ವರೂ ಅವರವರ ಖಾತೆಯಿಂದಲೇ ಕೊಡುತ್ತ ಬಂದಿರಬೇಕು; ಬಿಡುವ ಒಂದು ತಿಂಗಳ ಮೊದಲು ಬರಹದಲ್ಲಿ ತಿಳಿಸಿ, ಕೊನೆಯ ದಿನದ ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳಬೇಕು. ಬೀಗದ ಕೈಯನ್ನು ಕೊಡುವುದೂ ಠೇವಣಿಯ ಹಣ ಖಾತೆಗೆ ಬರುವುದೂ ಒಂದೇ ಗಳಿಗೆಯಲ್ಲಿ ಆಗತಕ್ಕದ್ದೆಂದು ಕರಾರಿನಲ್ಲಿಯೇ ಬರೆಸಬಹುದು. ಹಾಗೆ ಬರೆಯಲು ಒಪ್ಪದ ಮನೆಯೊಡೆಯರು ಏಕೆ ಒಪ್ಪುವುದಿಲ್ಲವೆಂಬುದನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಬಹುದು.